ಪಾರಿ/ಜಿಪಿ: ದೊಡ್ಡ ಸಂಖ್ಯೆಗಳ ಒಳಗುಟ್ಟು ಬಿಡಿಸುವ ಉಚಿತ ತಂತ್ರಾಂಶ

ಪದವಿ ತರಗತಿಗೆ ಸಂಖ್ಯಾಸಿದ್ಧಾಂತ ಪಾಠ ಮಾಡುವವರಿಗೆ ಜೇಬಿನ ಕ್ಯಾಲ್ಕುಲೇಟರ್ ಏತಕ್ಕೂ ಸಾಲದು. ನಾನು ನೆಚ್ಚಿಕೊಂಡಿರುವುದು ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಬೆಳೆದ ಪಾರಿ/ಜಿಪಿಯನ್ನು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ರೂಪವಂತೂ ಇಲ್ಲವೇ ಇಲ್ಲ: ತೆರೆದರೆ ಬೋಳು ಪರದೆ, ಅದರಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಕೇಳುವುದನ್ನು ಕೀಲಿಸಿ ಕೇಳಬೇಕು, ಅಷ್ಟೇ.

ಹೊಸಬರು ಮೊದಲು 2ರ 67ನೇ ಘಾತದಿಂದ 1 ಕಳೆದು ನೋಡಲಿ. 147573952589676412927 ಬರುತ್ತದೆ. 1644ರಲ್ಲಿ ಫ್ರೆಂಚ್ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಲ್ಯೂಕಾ ಅದು ಸಂಯುಕ್ತ ಸಂಖ್ಯೆ ಎಂದು ಸಾಧಿಸಿದ, ಆದರೆ ಒಂದು ಅಪವರ್ತನವನ್ನೂ ತೋರಿಸಲಿಲ್ಲ. ತೋರಿಸಿದವನು ಕೋಲ್, 1903ರಲ್ಲಿ. ಪಾರಿಯಲ್ಲಿ ‘ಫ್ಯಾಕ್ಟರ್’ ಆಜ್ಞೆ ಕೊಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ 193707721 ಮತ್ತು 761838257287 ಎದುರಿಗಿರುತ್ತವೆ.

ಇಷ್ಟಕ್ಕೇ ಬಿಡಬೇಡಿ. ಎರಡನ್ನೂ 134ರಿಂದ ಭಾಗಿಸಿ ಶೇಷ ಕೇಳಿ. ಎರಡಕ್ಕೂ 1! ಘಾತ 67 ಅವಿಭಾಜ್ಯವಾದ್ದರಿಂದ ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳೆಲ್ಲ 67ರ ಇಮ್ಮಡಿಯ ಯಾವುದೋ ಗುಣಕಕ್ಕೆ 1 ಕೂಡಿಸಿದಂತೆಯೇ ಇರಬೇಕು. ಹಲಗೆಯ ಮೇಲೆ ಈ ಪ್ರಮೇಯ ಬರೆದಾಗ ತೂಕಡಿಸುವ ಹುಡುಗರು ಪರದೆಯ ಮೇಲೆ ಆ ಒಂದನ್ನು ಕಂಡು ನೆಟ್ಟಗೆ ಕೂರುತ್ತಾರೆ. ಆಯ್ಲರನ ಫಲನವನ್ನೂ, ಅಂದರೆ ಮೂಲ ಸಂಖ್ಯೆಗಿಂತ ಚಿಕ್ಕದಾಗಿದ್ದು ಅದರೊಡನೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು ಎಷ್ಟೆಂಬ ಎಣಿಕೆಯನ್ನೂ ಕೇಳಬಹುದು: 147573951827644447920. ಮೂಲ ಸಂಖ್ಯೆಗೂ ಇದಕ್ಕೂ ಇರುವ ವ್ಯತ್ಯಾಸಕ್ಕೆ 1 ಕೂಡಿಸಿದರೆ ಎರಡು ಅಪವರ್ತನಗಳ ಮೊತ್ತ. ಮೊತ್ತವೂ ಗುಣಲಬ್ಧವೂ ತಿಳಿದ ಮೇಲೆ ಉಳಿಯುವುದು ಹೈಸ್ಕೂಲಿನ ವರ್ಗಸಮೀಕರಣ. ದೊಡ್ಡ ಸಂಖ್ಯೆಯನ್ನು ಒಡೆಯುವುದು ಕಷ್ಟವೆಂಬುದನ್ನೇ ನೆಚ್ಚಿದ ಆರ್‌ಎಸ್‌ಎ ಗೂಢಲಿಪಿಯಲ್ಲಿ ಈ ಫಲನದ ಬೆಲೆಯನ್ನು ಏಕೆ ಮುಚ್ಚಿಡುತ್ತಾರೆಂದು ಬೇರೆ ವಿವರಿಸುವ ಪ್ರಮೇಯವೇ ಬರುವುದಿಲ್ಲ.

ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಬೇರೆ ಕಡೆ. ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದು ಬೇರೆ, ಅದನ್ನು ಒಡೆಯುವುದೇ ಬೇರೆ. ಲ್ಯೂಕಾನಿಗೂ ಕೋಲ್‌ಗೂ ನಡುವಿನ ಆ ಅಂತರವನ್ನು ಇದು ಕೈಯಾರೆ ಮುಟ್ಟಿಸುತ್ತದೆ. 14ನೇ ಫರ್ಮಾ ಸಂಖ್ಯೆ, ಅಂದರೆ 2ರ 16384ನೇ ಘಾತಕ್ಕೆ 1 ಕೂಡಿಸಿದ್ದನ್ನು ಕೊಟ್ಟು ನೋಡಿ, 4933 ಅಂಕಿಗಳದ್ದು. ಅವಿಭಾಜ್ಯವೇ ಎಂದರೆ ತಡವಿಲ್ಲದೆ ಸೊನ್ನೆ, ಅಂದರೆ ಅಲ್ಲ. ಒಡೆದು ತೋರಿಸು ಎಂದಿರೋ, ನಿಮ್ಮ ಲ್ಯಾಪ್‌ಟಾಪಿನ ಫ್ಯಾನು ಅಬ್ಬರಿಸುತ್ತದೆಯೇ ಹೊರತು ಉತ್ತರವಿಲ್ಲ. ಸಂಯುಕ್ತವೆಂದು 1960ರ ದಶಕದಲ್ಲೇ ಗೊತ್ತಿದ್ದ ಈ ಸಂಖ್ಯೆಯ ಮೊದಲ ಅಪವರ್ತನ ಸಿಕ್ಕಿದ್ದು 2010ರಲ್ಲಿ.

ಹಾಗೆಂದು ಅಂಕಿ ಹೆಚ್ಚಿದ ಮಾತ್ರಕ್ಕೆ ಕಷ್ಟವೆಂದಲ್ಲ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1977ರಲ್ಲಿ ಡಲ್ಲಾಸಿನಲ್ಲಿ 50 ಸೆಕೆಂಡುಗಳಲ್ಲಿ 23ನೇ ಮೂಲ ಹೇಳಿದ 201 ಅಂಕಿಗಳ ಸಂಖ್ಯೆ ಇದೆಯಲ್ಲ, ಪಾರಿ ಅದನ್ನು ಸಲೀಸಾಗಿ ಬಿಚ್ಚುತ್ತದೆ. ಮೂಲ 546372891, ಒಂದರಿಂದ ಒಂಬತ್ತರವರೆಗಿನ ಅಂಕಿಗಳೆಲ್ಲ ಒಮ್ಮೊಮ್ಮೆ ಬಂದಿವೆ. ಅದು 27ರಿಂದ ಭಾಗವಾಗುವುದರಿಂದ ದೊಡ್ಡ ಸಂಖ್ಯೆಯೊಳಗೆ 3ರ 69ನೇ ಘಾತ ಕುಳಿತಿದೆ. ಪೂರ್ಣಘಾತದ ಗುರುತು ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ತಕರಾರುಗಳೂ ಇವೆ. ಲೆಕ್ಕ ಎಲ್ಲಿಗೆ ಬಂತೆಂದು ತಾನಾಗಿ ಹೇಳುವುದಿಲ್ಲ. ದೊಡ್ಡ ಲೆಕ್ಕಕ್ಕೆ ಮೊದಲೇ ಹೆಚ್ಚು ಮೆಮೊರಿ ಒದಗಿಸದಿದ್ದರೆ ನಡುವೆ ನಿಂತುಬಿಡುವುದುಂಟು. ಗಣಿತದವರು ಮುಖ್ಯವಾಗಿ ಗಮನಿಸಬೇಕಾದದ್ದು: ‘ಫ್ಯಾಕ್ಟರ್’ ಕೊಡುವ ಭಾರಿ ಅಪವರ್ತನಗಳು ಸಾಮಾನ್ಯ ಹೊಂದಿಕೆಯಲ್ಲಿ ಸಂಭಾವ್ಯ ಅವಿಭಾಜ್ಯಗಳು ಮಾತ್ರ, ಅಂದರೆ ಒಂದು ವೇಗದ ಪರೀಕ್ಷೆಯಲ್ಲಿ ಪಾಸಾದವು, ಅವಿಭಾಜ್ಯವೆಂದು ಸಾಧಿಸಿದವಲ್ಲ. ಆ ಪರೀಕ್ಷೆಯನ್ನು ವಂಚಿಸಿದ ಸಂಯುಕ್ತ ಸಂಖ್ಯೆ ಇದುವರೆಗೆ ಸಿಕ್ಕಿಲ್ಲ, ನಿಜ. ಆದರೂ ಸಾಧನೆ ಸಾಧನೆಯೇ. ‘ಫ್ಯಾಕ್ಟರ್ ಪ್ರೂವನ್’ ಎಂಬ ಹೊಂದಿಕೆಯನ್ನು 1 ಮಾಡಿಕೊಂಡೇ ಕೆಲಸ ಶುರು ಮಾಡಿ.