ಮಳೆ ಲೆಕ್ಕಕ್ಕೆ ಆರ್ ಮತ್ತು ಕ್ಲಸ್ಟರ್: ಮೂರು ಮಳೆಗಾಲ ಬಳಸಿದ ಮೇಲೆ

ಪೊನ್ನಂಪೇಟೆ ಹತ್ತಿರದ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಒಂದು ಸಂಸ್ಥೆಯ ಕ್ಲಸ್ಟರ್‌ನಲ್ಲಿ, ಅಂದರೆ ಹಲವರು ಹಂಚಿಕೊಂಡು ಬಳಸುವ ಕಂಪ್ಯೂಟರ್‌ಗಳ ಗುಂಪಿನಲ್ಲಿ, ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಓಡಿಸಲು ಶುರು ಮಾಡಿ ಮೂರು ಮಳೆಗಾಲ ಆಯಿತು. ಆರ್‌ನ ಗುಣಗಾನ ಎಲ್ಲ ಕಡೆ ಸಿಗುತ್ತದೆ. ಅದರ ಒಂದೇ ಒಂದು ಫಂಕ್ಷನ್‌ನಿಂದ ನನ್ನ ಎರಡು ತಿಂಗಳು ಹಾಳಾಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಮಳೆಯ ಕೆಲಸ. ಇಲ್ಲಿನ ತೋಟಗಳಲ್ಲಿ ರೈಟರ್‌ಗಳು (ತೋಟದ ಲೆಕ್ಕ ಬರೆಯುವವರು) ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ, ಅದೂ ಇಂಚು-ಸೆಂಟ್ ಲೆಕ್ಕದಲ್ಲಿ (ನೂರು ಸೆಂಟ್‌ಗೆ ಒಂದು ಇಂಚು). ‘1-5’ ಅಂದರೆ ಒಂದು ಇಂಚು ಐದು ಸೆಂಟ್, ಅಂದರೆ 1.05. ಅದನ್ನು 1.5 ಎಂದು ಟೈಪ್ ಮಾಡಿದರೆ ಬೀಳದೇ ಇದ್ದ 11 ಮಿಲಿಮೀಟರ್ ಮಳೆ ಲೆಕ್ಕಕ್ಕೆ ಸೇರಿಬಿಡುತ್ತದೆ. ಈ ಪುಸ್ತಕಗಳನ್ನು ಬೆಟ್ಟ-ಕಣಿವೆಯ ನಕ್ಷೆಯ ಜೊತೆ ಹೊಂದಿಸಿ, ಪುಸ್ತಕವೇ ಇಲ್ಲದ ಜಾಗಗಳಲ್ಲಿ ಎಷ್ಟು ಸುರಿದಿರಬಹುದು ಎಂದು ಅಂದಾಜು ಮಾಡುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಈ ಅಂದಾಜು ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ.

ಕೊಡಗಿನ 4,102 ಚದರ ಕಿಲೋಮೀಟರನ್ನು 30 ಮೀಟರ್ ಚೌಕಗಳಾಗಿ ಒಡೆದರೆ 45 ಲಕ್ಷ ದಾಟುತ್ತದೆ. ಆರ್ ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುವ ಭಾಷೆ. ನನ್ನ ಟೇಬಲ್ ಒಂದೇ 3 ಜಿಬಿ. 8 ಜಿಬಿಯ ಲ್ಯಾಪ್‌ಟಾಪ್‌ಗೆ ಅದು ಭಾರ, ಅದಕ್ಕೇ ಕ್ಲಸ್ಟರ್.

ಈಗ ಆ ಫಂಕ್ಷನ್‌ಗೆ ಬರುತ್ತೇನೆ: ಯಂತ್ರದಲ್ಲಿ ಎಷ್ಟು ಕೋರ್, ಅಂದರೆ ಲೆಕ್ಕ ಮಾಡುವ ಘಟಕ, ಇವೆ ಎಂದು ಎಣಿಸುವ ಡಿಟೆಕ್ಟ್‌ಕೋರ್ಸ್. ನಾನು ಕಲಿತ ತರಬೇತಿಯಲ್ಲಿ, ಎಷ್ಟೋ ವಿಡಿಯೊಗಳಲ್ಲಿ, ‘ಇದನ್ನು ಕರೆದು ಬಂದಷ್ಟು ವರ್ಕರ್ (ಒಟ್ಟಿಗೆ ಓಡುವ ಆರ್‌ಗಳು) ಎಬ್ಬಿಸಿ’ ಎಂದೇ ಹೇಳಿಕೊಡುತ್ತಾರೆ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ತೊಂದರೆಯಿಲ್ಲ. ಆದರೆ ಹಂಚಿಕೊಂಡ ಯಂತ್ರದಲ್ಲಿ ಅದು ಎಣಿಸುವುದು ಯಂತ್ರದ ಎಲ್ಲ ಕೋರ್‌ಗಳನ್ನು. ನಮಗೆ ಎಷ್ಟು ಕೊಟ್ಟಿದ್ದಾರೆ ಎಂಬುದು ಅದಕ್ಕೆ ಬೇಕಿಲ್ಲ. ಕ್ಲಸ್ಟರ್‌ನ ಯಂತ್ರಗಳನ್ನು ಕೆಲಸಗಳಿಗೆ ಹಂಚುವ ಸ್ಲರ್ಮ್ ಎಂಬ ತಂತ್ರಾಂಶದಲ್ಲಿ ನಾನು ಕೇಳಿದ್ದು 4 ಕೋರ್, 32 ಜಿಬಿ. ಅದು ಎಬ್ಬಿಸಿದ್ದು 48 ಆರ್‌ಗಳನ್ನು, ಒಂದೊಂದಕ್ಕೂ 3 ಜಿಬಿಯ ಬೇರೆ ಬೇರೆ ಪ್ರತಿ. ಎರಡು ದಿನ ಕ್ಯೂನಲ್ಲಿ ಕಾದ ಕೆಲಸ ಕೆಲವೇ ನಿಮಿಷದಲ್ಲಿ ಸತ್ತಿತು. ಮತ್ತೆ ಹಾಕಿದೆ, ಮತ್ತೆ ಸತ್ತಿತು. ತಪ್ಪು ನನ್ನ ಅಂಕಿಗಳಲ್ಲೇ ಇರಬೇಕೆಂದು ರೈಟರ್‌ಗಳ ಪುಸ್ತಕಗಳನ್ನೆಲ್ಲ ಮೊದಲಿಂದ ತಿರುವಿ ನೋಡಿದೆ. ಅಲ್ಲೇ ವಾರಗಳು ಹೋದವು.

ಕೊನೆಗೆ ಕ್ಲಸ್ಟರ್ ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು. ಕೋರ್‌ಗಳಿಗೆ ಮಿತಿ ಹಾಕದ ಒಂದು ಹಳೇ ನೋಡ್‌ನಲ್ಲಿ (ಕ್ಲಸ್ಟರ್‌ನ ಒಂದು ಯಂತ್ರದಲ್ಲಿ) ನನ್ನ ಕೆಲಸ ಬೇರೆಯವರ ಲೆಕ್ಕಗಳನ್ನೂ ನಿಧಾನ ಮಾಡಿತ್ತಂತೆ. ಕೇಳಿ ನಾಚಿಕೆಯಾಯಿತು. ಯಾರದ್ದೋ ಥೀಸಿಸ್ ಅಲ್ಲಿ ಓಡುತ್ತಿತ್ತಲ್ಲ. ಆಮೇಲೆ ಹೆಲ್ಪ್ ಪುಟ ತೆರೆದರೆ, ಈ ಸಂಖ್ಯೆಯನ್ನು ನೇರವಾಗಿ ಹೀಗೆ ಬಳಸುವುದು ಸರಿಯಲ್ಲ ಎಂದು ಆರ್ ಬರೆದವರೇ ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಿದ್ದ ಮೇಲೆ ಕಲಿಸುವವರು ಅದನ್ನು ಯಾಕೆ ಬಿಟ್ಟುಬಿಡುತ್ತಾರೆ?

ಪರಿಹಾರ ಸಣ್ಣದು. ಹೆನ್ರಿಕ್ ಬೆಂಗ್ಟ್‌ಸನ್ ಅವರ ಪ್ಯಾರಲೆಲ್ಲಿ ಪ್ಯಾಕೇಜಿನ (ಆರ್‌ಗೆ ಸೇರಿಸಿಕೊಳ್ಳುವ ಫಂಕ್ಷನ್‌ಗಳ ಕಟ್ಟಿನ) ಅವೈಲಬಲ್‌ಕೋರ್ಸ್ ಬಳಸಿದರೆ, ಸ್ಲರ್ಮ್ ಎಷ್ಟು ಕೊಟ್ಟಿದೆಯೋ ಅಷ್ಟನ್ನೇ ಹೇಳುತ್ತದೆ. ನಾನು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ಅಂದಾಜಿನ 1,000 ಸುತ್ತುಗಳನ್ನು 25ರಂತೆ 40 ಭಾಗ ಮಾಡಿ ಅರೇ ಜಾಬ್ ಆಗಿ, ಅಂದರೆ ಒಂದೇ ಸ್ಕ್ರಿಪ್ಟ್‌ನ ಹಲವು ಸಣ್ಣ ಕೆಲಸಗಳಾಗಿ, ಹಾಕತೊಡಗಿದೆ. ಒಂದೊಂದಕ್ಕೆ ಒಂದೇ ಕೋರ್, 6 ಜಿಬಿ. ಇಷ್ಟು ಸಣ್ಣ ಕೆಲಸಗಳು ದೊಡ್ಡವುಗಳ ಸಂದಿಯಲ್ಲಿ ಬೇಗ ನುಸುಳಿಕೊಳ್ಳುತ್ತವೆ.

ಅಲ್ಲಿಂದ ನನ್ನ ಬೆಳಗು ಬದಲಾಯಿತು. ಎಂಟೂವರೆಗೆ ಕೊಡೆ ಹಿಡಿದು ಅಂಗಳಕ್ಕೆ ಹೋಗುತ್ತೇನೆ. ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿ, ಕಣ್ಣ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತೇನೆ. ಒಳಗೆ ಬಂದು ಬೆಲ್ಲದ ಕಾಫಿ ಪಕ್ಕದಲ್ಲಿಟ್ಟುಕೊಂಡು ಲಾಗಿನ್ ಆಗಿ ಸ್ಲರ್ಮ್‌ನ ಎಸ್‌ಕ್ಯೂ (squeue) ಆಜ್ಞೆ ಕೊಟ್ಟರೆ ನನ್ನ ಕೆಲಸಗಳ ಪಟ್ಟಿ ಬರುತ್ತದೆ. ಕಾಯುತ್ತಿರುವುದಕ್ಕೆ ಪಿಡಿ, ಓಡುತ್ತಿರುವುದಕ್ಕೆ ಆರ್ ಎಂಬ ಅಕ್ಷರ. ಸಾಲಾಗಿ ಆರ್ ಕಂಡ ದಿನ ಕಾಫಿ ಹೆಚ್ಚು ರುಚಿ.

ಕಳೆದ ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟಿರಲಿಲ್ಲ. ಇನ್ವರ್ಟರ್ ಮೊದಲ ರಾತ್ರಿಯೇ ಮುಗಿಯಿತು, ಟವರೂ ಹೋಯಿತು. ನಾಲ್ಕನೇ ದಿನ ಲಾಗಿನ್ ಆದಾಗ 40 ಫಲಿತಾಂಶದ ಕಡತಗಳೂ ಫೋಲ್ಡರ್‌ನಲ್ಲಿ ಕೂತಿದ್ದವು. ಆ ಸಂತೋಷಕ್ಕೆ ಎರಡು ತಿಂಗಳ ಸಿಟ್ಟಿನಲ್ಲಿ ಅರ್ಧ ಕರಗಿತು.

ಉಳಿದ ಅರ್ಧ ಪ್ಯಾಕೇಜುಗಳದ್ದು. 2023ರ ಅಕ್ಟೋಬರ್‌ನಲ್ಲಿ ನಕ್ಷೆಯ ಕಡತಗಳನ್ನು ಓದುವ ಆರ್‌ಜಿಡಾಲ್ ಪ್ಯಾಕೇಜ್ ನಿವೃತ್ತಿಯಾದಾಗ ನನ್ನ ನಕ್ಷೆಯ ಕೋಡನ್ನೆಲ್ಲ ಟೆರ್ರಾ ಎಂಬ ಬೇರೆ ಪ್ಯಾಕೇಜಿಗೆ ಬದಲಿಸಬೇಕಾಯಿತು. ಟೆರ್ರಾ ಚುರುಕಾಗಿದೆ, ನಿಜ. ಆದರೂ ಮುಗಿಸಿದ ಕೆಲಸಕ್ಕೇ ಮತ್ತೆ ಕೈ ಹಾಕುವುದು ಬೇಸರ.

ಆರ್‌ಗೆ ದುಡ್ಡು ಕೊಡಬೇಕಿಲ್ಲ, ಕ್ಲಸ್ಟರ್‌ನ ಕೋರ್-ಗಂಟೆಗಳು ಗೈಡ್ ಅವರ ಪ್ರಾಜೆಕ್ಟಿನಿಂದ ಕಡಿತವಾಗುತ್ತವೆ. ಹಾಗಾಗಿ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣುತ್ತಿಲ್ಲ. ಶುರು ಮಾಡುವವರು ಮೊದಲ ದಿನವೇ ಸ್ಕ್ರಿಪ್ಟ್‌ನಲ್ಲಿ ಡಿಟೆಕ್ಟ್‌ಕೋರ್ಸ್ ಎಂದು ಹುಡುಕಿ, ಸಿಕ್ಕಿದ್ದನ್ನು ಅಳಿಸಿ.