ಆಟೋ ಹೈ ಬೀಮ್, ಮ್ಯಾಟ್ರಿಕ್ಸ್, ಇಲ್ಲಾ ಕೈಯಲ್ಲೇ? ಮೂರನ್ನೂ ಓಡಿಸಿ ನೋಡಿದ ಮೇಲೆ

ಮೂರು ಕಾರು, ಮೂರು ಬಗೆಯ ಹೈ ಬೀಮ್, ಅಂದರೆ ಹೆಡ್‌ಲೈಟಿನ ದೂರ ಬೀಳುವ ಬೆಳಕು. ಮನೆಯ ಹಳೇ ಕಾರಿನಲ್ಲಿ ಎಲ್ಲಾ ಕೈಯದ್ದೇ ಕೆಲಸ: ಸ್ಟೀರಿಂಗ್ ಪಕ್ಕದ ಲಿವರ್ ತಳ್ಳಿದರೆ ಹೈ, ಎಳೆದರೆ ಲೋ. ನನ್ನ ಈಗಿನ ಕಾರಿನಲ್ಲಿ ಆಟೋ ಹೈ ಬೀಮ್ ಇದೆ. ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿನ ಮೇಲ್ಭಾಗದಲ್ಲಿ ಕೂತ ಕ್ಯಾಮೆರಾ ಎದುರಿನ ದೀಪ ನೋಡಿ ತಾನೇ ಹೈ-ಲೋ ಮಾಡುತ್ತದೆ. ಭಾವನ ಕಾರಿನಲ್ಲಿರುವುದು ಮ್ಯಾಟ್ರಿಕ್ಸ್ ಎಲ್‌ಇಡಿ. ಅದು ಹೈ ಬೀಮನ್ನು ಪೂರ್ತಿ ಇಳಿಸುವುದಿಲ್ಲ. ಎದುರಿನ ವಾಹನ ಇರುವ ಜಾಗದಷ್ಟೇ ಬೆಳಕನ್ನು ತೆಗೆಯುತ್ತದೆ. ಮೂರನ್ನೂ ರಾತ್ರಿ ಹೊತ್ತು ಸಾಕಷ್ಟು ಓಡಿಸಿದ್ದೇನೆ. ಮೂರರಲ್ಲಿ ನನಗೆ ತಲೆ ಕೆಡಿಸಿದ್ದು ಮಧ್ಯದ್ದು, ಅಂದರೆ ಈಗ ಎಷ್ಟೋ ಕಾರುಗಳಲ್ಲಿ ಬರುತ್ತಿರುವ ಮಾಮೂಲಿ ಆಟೋ.

ಅದನ್ನು ಬೈಯುವ ಮೊದಲು ಅದರ ಪರವಾಗಿ ಎರಡು ಮಾತು. ಹೈ ಬೀಮ್ ಶೋಕಿಗೆ ಇರುವುದಲ್ಲ. ಲೋ ಬೀಮ್‌ನಲ್ಲಿ ರಸ್ತೆ ಚೆನ್ನಾಗಿ ಕಾಣುವುದು ಸುಮಾರು 50–60 ಮೀಟರ್ ತನಕ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಅಂದರೆ ಕಣ್ಣಿಗೆ ಬಿದ್ದದ್ದನ್ನು ತಪ್ಪಿಸಲು ಸಿಗುವುದು ಎರಡೇ ಸೆಕೆಂಡು. ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಅದರಲ್ಲಿ ಅರ್ಧ ಮುಗಿದಿರುತ್ತದೆ. ಖಾಲಿ ರಸ್ತೆಯಲ್ಲೂ ಲೋ ಬೀಮ್‌ನಲ್ಲೇ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಒಮ್ಮೆ ಇಳಿಸಿದ ಮೇಲೆ ಮತ್ತೆ ಏರಿಸುವುದು ಮರೆತೇ ಹೋಗುತ್ತದೆ, ಅಲ್ವಾ? ಆಟೋ ಮರೆಯುವುದಿಲ್ಲ. ನೆಟ್ಟಗಿನ, ಕತ್ತಲೆಯ, ಖಾಲಿ ರಸ್ತೆಯಲ್ಲಿ ಅದು ಕೈಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಪಂದ್ಯ ಅದಕ್ಕೇ ಬಿಟ್ಟೆ.

ಆದರೆ ರಸ್ತೆ ತಿರುಗುತ್ತದಲ್ಲ!

ಕೈಯಲ್ಲಿ ದೀಪ ನೋಡಿಕೊಳ್ಳುವವರಿಗೆ ತಿರುವಿನಲ್ಲಿ ಮೊದಲು ಕಾಣುವುದು ಎದುರಿನ ಕಾರಲ್ಲ, ಅದರ ಬೆಳಕು. ಕಾರು ಇನ್ನೂ ಮರೆಯಲ್ಲೇ ಇರುತ್ತದೆ. ಅಷ್ಟರಲ್ಲಿ ರಸ್ತೆ ಬದಿಯ ಎಲೆಗಳು ಬೆಳ್ಳಗಾಗುತ್ತವೆ, ಮೇಲಿನ ತಂತಿ ಹೊಳೆಯುತ್ತದೆ, ತಡೆಗೋಡೆಯ ಮೇಲೆ ಬೆಳಕಿನ ಗೆರೆಯೊಂದು ಓಡುತ್ತದೆ. ಯಾರೋ ಬರುತ್ತಿದ್ದಾರೆ ಎಂದು ಗೊತ್ತಾಗುವ ಹೊತ್ತಿಗೆ ಬೆರಳು ಲಿವರ್ ಎಳೆದಾಗಿರುತ್ತದೆ. ಎದುರಿನವರು ತಿರುವು ದಾಟಿ ಬಂದಾಗ ಅವರಿಗೆ ಸಿಗುವುದು ಲೋ ಬೀಮ್. ನನ್ನ ಕಾರಿನ ಕ್ಯಾಮೆರಾಗೆ ಎಲೆಯ ಹೊಳಪು ಲೆಕ್ಕಕ್ಕಿಲ್ಲ. ಅದಕ್ಕೆ ದೀಪವೇ ಕಾಣಬೇಕು, ಅದು ವಾಹನದ ದೀಪ ಎಂದು ಖಾತ್ರಿಯಾಗಬೇಕು, ಆಮೇಲೆ ಇಳಿಸುತ್ತದೆ. ಅಷ್ಟರಲ್ಲಿ ಎದುರಿನವರ ಕಣ್ಣಿಗೆ ಪೂರ್ತಿ ಬೆಳಕು ಬಿದ್ದಾಗಿರುತ್ತದೆ. ದಿಬ್ಬದ ತುದಿಯಲ್ಲೂ ಇದೇ ಪಾಡು. ಅರೆಕ್ಷಣ ತಾನೇ, ಅದಕ್ಕೇನು ಎನ್ನುವವರಿದ್ದಾರೆ. ಕೋರೈಸಿದ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಹಲವು ಸೆಕೆಂಡು ಹಿಡಿಯುತ್ತದೆ, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಆ ಹೊತ್ತಿನಲ್ಲಿ ಅವರು ತಿರುವಿನ ನಡುವೆ ಇರುತ್ತಾರೆ.

ಮ್ಯಾಟ್ರಿಕ್ಸ್ ಇಲ್ಲಿ ಸ್ವಲ್ಪ ವಾಸಿ, ಆದರೆ ಜನ ಹೇಳುವಷ್ಟೇನೂ ಇಲ್ಲ. ದೀಪ ಎಷ್ಟೇ ಜಾಣ ಆಗಿದ್ದರೂ ಅದರ ಕಣ್ಣು ಅದೇ ಕ್ಯಾಮೆರಾ. ಮರೆಯಲ್ಲಿರುವುದು ಅದಕ್ಕೂ ಕಾಣುವುದಿಲ್ಲ.

ಡಿವೈಡರ್ ಇರುವ ರಸ್ತೆಯಲ್ಲಿ ಇನ್ನೊಂದು ತಮಾಷೆ. ನಡುವೆ ಗಿಡ ಬೆಳೆಸಿದ್ದರೆ ಎದುರಿನ ಲಾರಿಯ ಹೆಡ್‌ಲೈಟ್ ಗಿಡದ ಹಿಂದೆ ಅಡಗುತ್ತದೆ. ಆದರೆ ಲಾರಿ ಡ್ರೈವರ್ ಕೂತಿರುವುದು ಗಿಡಕ್ಕಿಂತ ಮೇಲೆ. ನನ್ನ ಕ್ಯಾಮೆರಾಗೆ ರಸ್ತೆ ಖಾಲಿ, ಅವರಿಗೆ ಮುಖದ ತುಂಬ ಬೆಳಕು. ಕೈಯಲ್ಲಿ ಓಡಿಸುವಾಗ ಲಾರಿಯ ಮೇಲ್ಗಡೆಯ ಸಣ್ಣ ದೀಪಗಳು ಗಿಡದ ತುದಿಯಲ್ಲಿ ಸಾಗುವುದು ಕಂಡರೇ ಸಾಕು, ಇಳಿಸಿಬಿಡುತ್ತೇನೆ. ಇಂಥ ರಸ್ತೆಯಲ್ಲಿ ಆಟೋ ಮತ್ತು ಮ್ಯಾಟ್ರಿಕ್ಸ್ ಎರಡೂ ಸೋತವು.

ನಡೆದು ಹೋಗುವವರ ವಿಷಯಕ್ಕೆ ಬಂದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ವಾಹನದ ದೀಪಗಳ ಬಗ್ಗೆ ವಿಶ್ವಸಂಸ್ಥೆಯ 48ನೇ ನಿಯಮ ಹಲವು ದೇಶಗಳಲ್ಲಿ ಜಾರಿಯಲ್ಲಿದೆ. ಅದರ ಪ್ರಕಾರ ಆಟೋ ಹೈ ಬೀಮ್ ಎದುರು ಬರುವ ಮೋಟಾರು ವಾಹನವನ್ನು ಕನಿಷ್ಠ 400 ಮೀಟರ್ ದೂರದಿಂದ, ಮುಂದೆ ಹೋಗುತ್ತಿರುವುದನ್ನು 100 ಮೀಟರ್‌ನಿಂದ, ಎದುರು ಬರುವ ದೀಪವಿರುವ ಸೈಕಲನ್ನು 75 ಮೀಟರ್‌ನಿಂದ ಗುರುತಿಸಬೇಕು. ಆ ಪಟ್ಟಿಯಲ್ಲಿ ನಡೆಯುವವರೇ ಇಲ್ಲ. ಅವರ ಕೈಯಲ್ಲಿ ದೀಪವಿಲ್ಲ, ಹಾಗಾಗಿ ಕ್ಯಾಮೆರಾ ಪಾಲಿಗೆ ಅವರು ಇಲ್ಲವೇ ಇಲ್ಲ. ರಸ್ತೆ ಅಂಚಿನಲ್ಲಿ ಎದುರಿಗೆ ನಡೆದು ಬರುವವರು ಕೈಯನ್ನು ಹಣೆಗೆ ಅಡ್ಡ ಹಿಡಿಯುವುದು ನನಗೆ ಕಾಣುತ್ತದೆ, ಕಾರಿಗೆ ಕಾಣುವುದಿಲ್ಲ. ಮ್ಯಾಟ್ರಿಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ: ಎದುರಿನ ಕಾರಿಗೆ ಮರ್ಯಾದೆಯಿಂದ ಕತ್ತಲೆ ಬಿಟ್ಟುಕೊಟ್ಟು, ಅದರ ಪಕ್ಕದಲ್ಲಿ ನಡೆಯುವವರ ಮುಖಕ್ಕೆ ಪೂರ್ತಿ ಹೊಡೆಯುತ್ತದೆ.

ಇನ್ನು ಸುಮ್ನೆ ಮಿಣಮಿಣ ಮಾಡುವ ರೋಗ. ಬೆಳಕನ್ನು ವಾಪಸ್ ಎಸೆಯುವ ದೊಡ್ಡ ಸೂಚನಾ ಫಲಕ ಬಂದರೆ ನನ್ನ ಕಾರಿನ ಆಟೋ ಅದನ್ನು ವಾಹನ ಅಂದುಕೊಂಡು ಲೋ ಮಾಡುತ್ತದೆ. ಲೋ ಆದ ಕೂಡಲೇ ಫಲಕದ ಹೊಳಪು ಇಳಿಯುತ್ತದೆ, ಓಹೋ ಯಾರೂ ಇಲ್ಲ ಎಂದು ಮತ್ತೆ ಹೈ. ಫಲಕ ಮತ್ತೆ ಹೊಳೆಯುತ್ತದೆ, ಮತ್ತೆ ಲೋ. ಮುಂದಿನ ಕಾರಿನವರು ನಾನು ಡಿಪ್ಪರ್ ಹೊಡೆದು ದಾರಿ ಕೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಒಬ್ಬರಂತೂ ಪಕ್ಕಕ್ಕೆ ಸರಿದು ದಾರಿಯನ್ನೂ ಬಿಟ್ಟರು, ಪಾಪ. ಈ ರೋಗ ಹೊಸದೇನಲ್ಲ. ಜನರಲ್ ಮೋಟಾರ್ಸ್ 1952ರಲ್ಲೇ ಆಟ್ರಾನಿಕ್ ಐ ಎಂಬ ಸಾಧನ ತಂದಿತ್ತು. ಡ್ಯಾಶ್‌ಬೋರ್ಡ್ ಮೇಲೆ ಕೂರುತ್ತಿದ್ದ ಅದರ ಬೆಳಕಿನ ಕಣ್ಣು ಬೀದಿ ದೀಪಕ್ಕೂ ಫಲಕದ ಹೊಳಪಿಗೂ ಮೋಸ ಹೋಗುತ್ತಿತ್ತು. ಎಪ್ಪತ್ತು ವರ್ಷ ಕಳೆದ ಮೇಲೂ ನನ್ನ ಕಾರು ಅದೇ ಫಲಕಕ್ಕೆ ಬೇಸ್ತು ಬೀಳುತ್ತಿದೆ. ಭಾವನ ಕಾರು ಈ ವಿಷಯದಲ್ಲಿ ಗೆದ್ದಿತು. ಫಲಕವನ್ನು ಫಲಕ ಎಂದೇ ಗುರುತಿಸಿ ಅದರ ಮೇಲೆ ಬೀಳುವ ಬೆಳಕನ್ನಷ್ಟೇ ತಗ್ಗಿಸುತ್ತದೆ.

ಇವೆಲ್ಲ ಕ್ಯಾಮೆರಾದ ಮಿತಿ, ಒಪ್ಪೋಣ. ಒಪ್ಪಲಾಗದ್ದು ನನ್ನ ಕಾರಿನ ಲಿವರ್. ಆಟೋ ಹೈನಲ್ಲಿರುವಾಗ ಲಿವರ್ ಎಳೆದರೆ ಲೋ ಆಗುತ್ತದೆ, ಸರಿ. ಕೈ ಬಿಟ್ಟರೆ ಮತ್ತೆ ಆಟೋ, ಮತ್ತೆ ಹೈ. ಆಟೋ ತಾನಾಗಿಯೇ ಲೋಗೆ ಇಳಿದಿರುವಾಗ ಅದೇ ಲಿವರನ್ನು ಅದೇ ರೀತಿ ಎಳೆದರೆ ಹೈ ಬೀಮ್ ಫ್ಲ್ಯಾಶ್ ಹೊಡೆಯುತ್ತದೆ. ಈಗ ಯೋಚಿಸಿ. ಎದುರಿನವರು ಕಣ್ಣು ಕೋರೈಸಿ ಡಿಪ್ಪರ್ ಹೊಡೆದರು. ನಾನು ಇಳಿಸಲು ಲಿವರ್ ಎಳೆಯುತ್ತೇನೆ. ಅದಕ್ಕೆ ಕೂದಲೆಳೆಯಷ್ಟು ಮೊದಲು ಕ್ಯಾಮೆರಾ ಎಚ್ಚೆತ್ತು ತಾನೇ ಇಳಿಸಿರುತ್ತದೆ. ನನ್ನ ಎಳೆತ ಫ್ಲ್ಯಾಶ್ ಆಗಿ ಅವರ ಮುಖಕ್ಕೆ ಬೀಳುತ್ತದೆ. ಅವರ ಲೆಕ್ಕದಲ್ಲಿ ನಾನು ಜಗಳಕ್ಕೇ ನಿಂತಿದ್ದೇನೆ. ಕ್ಷಮೆ ಕೇಳೋಣ ಎಂದರೆ ಅದಕ್ಕೂ ಇರುವುದು ಅದೇ ಲಿವರ್! ಆಟೋವನ್ನು ಪೂರ್ತಿ ತೆಗೆಯಬೇಕೆಂದರೆ ಪರದೆಯ ಮೆನು ತೆರೆಯಬೇಕು, ಸೆಟ್ಟಿಂಗ್ಸ್‌ಗೆ ಹೋಗಬೇಕು, ದೀಪದ ಪುಟ ಹುಡುಕಬೇಕು, ಅಲ್ಲಿ ಒಂದು ಟಿಕ್ ತೆಗೆಯಬೇಕು. ರಾತ್ರಿ, ತಿರುವಿನಲ್ಲಿ, ಇದನ್ನು ಯಾರು ಮಾಡುತ್ತಾರೆ?

ಭಾವನ ಕಾರಿನಲ್ಲಿ ಲಿವರ್ ತುದಿಯಲ್ಲಿ ಒಂದು ಬಟನ್ ಇದೆ. ಒತ್ತಿದರೆ ಆಟೋ ಹೋಯಿತು, ಲೋ ಬಂತು, ಮತ್ತೆ ಒತ್ತುವ ತನಕ ತೆಪ್ಪಗಿರುತ್ತದೆ. ಮ್ಯಾಟ್ರಿಕ್ಸ್‌ಗಿಂತ ಆ ಬಟನ್ ಮೇಲೆಯೇ ನನಗೆ ಹೊಟ್ಟೆಕಿಚ್ಚು.

ಹಾಗೆಂದು ಮ್ಯಾಟ್ರಿಕ್ಸ್ ಸುಮ್ಮನೆ ಅಲ್ಲ. ಉದ್ದನೆಯ ಎರಡು ಲೇನ್ ರಸ್ತೆಯಲ್ಲಿ ಮುಂದೊಂದು ಕಾರು, ಎದುರಿಗೆ ಒಂದು ಕಾರು ಇದ್ದಾಗ ಅದನ್ನು ನೋಡಬೇಕು. ಬೆಳಕಿನಿಂದ ಆ ಎರಡು ಕಾರುಗಳನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆದ ಹಾಗೆ ಇರುತ್ತದೆ. ಸುತ್ತಲಿನ ರಸ್ತೆ, ಅಂಚು, ಮರ ಎಲ್ಲಾ ಬೆಳಗುತ್ತಲೇ ಇರುತ್ತದೆ. ಕೈಯಲ್ಲಿ ಓಡಿಸುವಾಗ ಇಂಥ ಹೊತ್ತಿನಲ್ಲಿ ಲೋ ಬಿಟ್ಟು ಬೇರೆ ದಾರಿಯೇ ಇಲ್ಲ. ಆಡಿ ಎ8 ಕಾರಿನಲ್ಲಿ 2013ರಲ್ಲಿ ಬಂದ ಮ್ಯಾಟ್ರಿಕ್ಸ್ ದೀಪದ ಹೈ ಬೀಮ್‌ನಲ್ಲಿ ಒಂದೊಂದು ಕಡೆ 25 ಎಲ್‌ಇಡಿ ಇದ್ದವು. ಮರ್ಸಿಡಿಸ್‌ನ ಡಿಜಿಟಲ್ ಲೈಟ್‌ನಲ್ಲಿ ಒಂದು ದೀಪಕ್ಕೆ 13 ಲಕ್ಷ ಪುಟಾಣಿ ಕನ್ನಡಿಗಳು. ಹೀಗೆ ಬೇರೆ ಬೇರೆಯಾಗಿ ಆರಿಸಬಲ್ಲ ಬೆಳಕಿನ ತುಂಡು ಜಾಸ್ತಿ ಆದಷ್ಟೂ ಕತ್ತಲೆಯ ಕಿಂಡಿ ಸಣ್ಣದಾಗುತ್ತದೆ, ನುಣುಪಾಗಿ ಜಾರುತ್ತದೆ. ಭಾವನ ಕಾರಿನಲ್ಲಿ ತುಂಡುಗಳು ಕಡಿಮೆ, ಹಾಗಾಗಿ ಕಿಂಡಿ ಒಂದು ತುಂಡಿನಿಂದ ಇನ್ನೊಂದಕ್ಕೆ ನೆಗೆಯುವುದು ಕಣ್ಣಿಗೆ ಕಾಣುತ್ತದೆ. ಮೊದಮೊದಲು ಕಿರಿಕಿರಿ, ಆಮೇಲೆ ರೂಢಿ. ಅಮೆರಿಕದಲ್ಲಿ ಈ ಬಗೆಯ ದೀಪಕ್ಕೆ ಒಪ್ಪಿಗೆ ಸಿಕ್ಕಿದ್ದೇ 2022ರ ಫೆಬ್ರುವರಿಯಲ್ಲಿ. ಅಲ್ಲಿಯ ತನಕ ಅಲ್ಲಿನ ನಿಯಮಕ್ಕೆ ಹೈ ಮತ್ತು ಲೋ ಎರಡೇ ಗೊತ್ತಿದ್ದವು.

ಟ್ರಾಫಿಕ್ ಜಾಸ್ತಿ ಇರುವ ರಸ್ತೆಯಲ್ಲಿ ಮಾತ್ರ ಮ್ಯಾಟ್ರಿಕ್ಸ್‌ಗೆ ದುಡ್ಡು ಸುರಿದದ್ದು ದಂಡ. ಎಲ್ಲೆಡೆ ವಾಹನ ಇದ್ದರೆ ಎಲ್ಲೆಡೆ ಕಿಂಡಿ, ಕೊನೆಗೆ ಉಳಿಯುವುದು ಲೋ ಬೀಮೇ. ಒಡೆದರೆ ಬಲ್ಬ್ ಬದಲಿಸಿ ಮುಗಿಸುವ ಹಾಗೂ ಇಲ್ಲ, ಸಾಮಾನ್ಯವಾಗಿ ಇಡೀ ಹೆಡ್‌ಲೈಟ್ ಸೆಟ್ಟೇ ಬದಲಾಗಬೇಕು.

ಮಂಜು ಕವಿದಾಗ ಮೂರನ್ನೂ ಹೋಲಿಸುವುದೇ ಬೇಡ. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ನಮಗೆ ಅದು ಗೊತ್ತಿದೆ, ನನ್ನ ಕಾರಿನ ಆಟೋಗೆ ಗೊತ್ತಿಲ್ಲ.

ಈಗ ನಾನು ಮಾಡುತ್ತಿರುವುದು ಇಷ್ಟು. ನನ್ನ ಕಾರಿನ ಆಟೋವನ್ನು ಮನೆಯಿಂದ ಹೊರಡುವ ಮೊದಲೇ ಮೆನುವಿನಲ್ಲಿ ಆಫ್ ಮಾಡಿ ಲಿವರ್ ನೆಚ್ಚಿಕೊಂಡಿದ್ದೇನೆ. ಭಾವನ ಕಾರು ಸಿಕ್ಕಾಗ ನೆಟ್ಟಗಿನ ರಸ್ತೆಯಲ್ಲಿ ಮ್ಯಾಟ್ರಿಕ್ಸ್ ಹಾಕಿ, ತಿರುವು ಶುರುವಾದರೆ ಬಟನ್ ಒತ್ತಿಬಿಡುತ್ತೇನೆ. ಹೈ ಬೀಮ್ ಹಾಕುವುದನ್ನೇ ಮರೆಯುವವರಿಗೆ ಮಾಮೂಲಿ ಆಟೋ ಕೂಡ ಪರವಾಗಿಲ್ಲ, ಓಡಾಟವೆಲ್ಲ ಹೆಚ್ಚಾಗಿ ನೆಟ್ಟಗಿನ ರಸ್ತೆಯಲ್ಲಿದ್ದರೆ. ತಿರುವು, ದಿಬ್ಬದ ರಸ್ತೆಯಲ್ಲಿ ದಿನಾ ಓಡಾಡುವವರು ಆಟೋ ಇದೆ ಎಂದು ಕಾರು ತೆಗೆದುಕೊಳ್ಳಬೇಡಿ. ಹೊಸ ಕಾರು ನೋಡಲು ಹೋದರೆ ಟೆಸ್ಟ್ ಡ್ರೈವ್ ಕತ್ತಲಾದ ಮೇಲೆ ಕೇಳಿ. ಆಟೋ ಹಾಕಿ, ಬೀದಿ ದೀಪವಿಲ್ಲದ ರಸ್ತೆಗೆ ಹೋಗಿ, ರಸ್ತೆಯಿಂದ ಕಣ್ಣು ತೆಗೆಯದೆ ಒಂದೇ ಬೆರಳಲ್ಲಿ ಅದನ್ನು ಲೋಗೆ ಇಳಿಸಿ, ಇಳಿದದ್ದು ಇಳಿದೇ ಇರುತ್ತದಾ ನೋಡಿ.