ಅಟ್ರಾಜಿನ್ 50 ಡಬ್ಲ್ಯೂಪಿ: ಕಳೆಗೆ ಸೈ, ಬಾವಿಗೆ ದೂರ

ಗೋವಿನಜೋಳ ಬಿತ್ತಿದ ಮೂರು ದಿನದೊಳಗೆ, ನೆಲದಲ್ಲಿ ಹಸಿ ಇರುವಾಗ ಹೊಡೆದರೆ ಅಗಲ ಎಲೆಯ ಕಳೆಗಳ ಮಟ್ಟಿಗೆ ಅಟ್ರಾಜಿನ್ ಎಂಬ ಈ ಕಳೆನಾಶಕ ಪುಡಿಗೆ ಪೂರ್ತಿ ಅಂಕ. 50 ಡಬ್ಲ್ಯೂಪಿ ಎಂದರೆ ನೂರಕ್ಕೆ ಐವತ್ತು ಪಾಲು ಔಷಧಿ ಇರುವ, ನೀರಿನಲ್ಲಿ ಕದಡಿ ಹೊಡೆಯುವ ಪುಡಿ. ಎಕರೆಗೆ 400ರಿಂದ 800 ಗ್ರಾಂ. ಹಗುರ ಮಣ್ಣಿಗೆ ಕಡಿಮೆ, ಎರೆಗೆ ಹೆಚ್ಚು. ನೀರು 200 ಲೀಟರಿಗಿಂತ ಕಡಿಮೆ ಬೇಡ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿದರೆ ಗಂಟಾಗಿ ನಾಝಲ್ ಕಟ್ಟಿಕೊಳ್ಳುತ್ತದೆ. ಮೊದಲು ಬಕೆಟ್‌ನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿಕೊಳ್ಳಿ. ಹೊಡೆಯುವಾಗಲೂ ಟ್ಯಾಂಕು ಅಲುಗಾಡುತ್ತಿರಬೇಕು. ತಳ ಹಿಡಿದರೆ ಒಂದು ಸಾಲಿಗೆ ದುಪ್ಪಟ್ಟು, ಇನ್ನೊಂದಕ್ಕೆ ಬರೀ ನೀರು. ಜೇಕು, ಗರಿಕೆ ಇದಕ್ಕೆ ಜಗ್ಗುವುದಿಲ್ಲ.

ಅಂಕ ಕಳೆಯಬೇಕಾದದ್ದು ಕಳೆ ಸತ್ತ ಮೇಲಿನ ಕಥೆಗೆ. ಮೇಲ್ಮಣ್ಣಿನಲ್ಲಿ ಇದರ ಅರ್ಧ ಭಾಗ ಒಡೆಯಲು ಸಾಮಾನ್ಯವಾಗಿ ಎರಡು ತಿಂಗಳು ಬೇಕು. ವರ್ಷ ವರ್ಷ ಹೊಡೆದ ಹೊಲದಲ್ಲಿ ಬ್ಯಾಕ್ಟೀರಿಯಾಗಳು ಇದನ್ನೇ ಸಾರಜನಕದ ಮೇವು ಮಾಡಿಕೊಂಡು ಎರಡು ವಾರದೊಳಗೇ ಅರ್ಧ ಮುಗಿಸುವುದೂ ಉಂಟು. ಆಗ ಕಳೆ ಬೇಗ ಮರಳುತ್ತದೆ, ಬೈಗುಳ ಬೀಳುವುದು 'ನಕಲಿ ಮಾಲು' ಎಂದು ಅಂಗಡಿಯವನಿಗೆ. ಕ್ಲೋರಿನ್ ಕಳಚಿ ಉಳಿಯುವ ಹೈಡ್ರಾಕ್ಸಿಅಟ್ರಾಜಿನ್ ಕಳೆ ಕೊಲ್ಲುವುದಿಲ್ಲ, ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹುಳಿ ಮಣ್ಣಿನಲ್ಲಿ ಈ ಕೆಲಸ ಚುರುಕು. ಸುಣ್ಣದಂಶದ ಎರೆಯಲ್ಲಿ, ಅದೂ ಮಳೆ ಕೈಕೊಟ್ಟು ನೆಲ ಒಣಗಿದರೆ, ಬಲು ನಿಧಾನ.

ಗೋವಿನಜೋಳ ತೆಗೆದು ಹಿಂಗಾರಿಗೆ ಕಡಲೆ ಬಿತ್ತುವವರು ಎಡವುವುದು ಇಲ್ಲೇ, ಮಣ್ಣಿನಲ್ಲಿ ಉಳಿದ ಔಷಧಿ ಕಡಲೆಯನ್ನೂ ಸುಡಬಹುದು. ಬಿತ್ತುವ ಮೊದಲು ಪರೀಕ್ಷೆ ಮಾಡಿ. ಒಂದು ಕುಂಡಕ್ಕೆ ಹೊಲದ ಮಣ್ಣು, ಇನ್ನೊಂದಕ್ಕೆ ಔಷಧಿ ಕಾಣದ ಮಣ್ಣು ತುಂಬಿ, ಎರಡಕ್ಕೂ ಸೌತೆ ಬೀಜ ಹಾಕಿ ಮೂರು ವಾರ ನೋಡಿ. ಮೊಳಕೆ ಚೆನ್ನಾಗಿಯೇ ಬರುತ್ತದೆ, ಅದಕ್ಕೆ ಮರುಳಾಗಬೇಡಿ. ಆಮೇಲೆ ಹಳೆ ಎಲೆಗಳ ಅಂಚು ಹಳದಿಗಟ್ಟಿ ಸುಟ್ಟಂತಾದರೆ ಮಣ್ಣಿನಲ್ಲಿ ವಿಷ ಇನ್ನೂ ಇದೆ.

ಬೇರಿನ ಆಳ ದಾಟಿ ಇಳಿದದ್ದರ ಗತಿ ಬೇರೆ. ಅಲ್ಲಿ ಇಂಗಾಲವೂ ಕಡಿಮೆ, ಜೀವಾಣುಗಳೂ ಕಡಿಮೆ. ಅಂತರ್ಜಲದ ಮರಳು ಪದರದಲ್ಲಿ ಅದು ವರ್ಷಗಟ್ಟಲೆ ಕೂತಿರುತ್ತದೆ. ಜರ್ಮನಿ 1991ರಲ್ಲೇ ನಿಷೇಧಿಸಿತು. ದಶಕಗಳ ನಂತರವೂ ಅಲ್ಲಿನ ಅಂತರ್ಜಲದಲ್ಲಿ ಇದು ಸಿಗುತ್ತಿತ್ತು. ಅಟ್ರಾಜಿನ್ ಒಡೆದು ಹುಟ್ಟುವ ಮರಿ ಡೀಇಥೈಲ್‌ಅಟ್ರಾಜಿನ್ ಇನ್ನೂ ಸಲೀಸಾಗಿ ಇಳಿಯುವಂಥದ್ದು, ಹಾಗಾಗಿ ನೀರು ಪರೀಕ್ಷೆಗೆ ಕೊಡುವಾಗ ಅದನ್ನೂ ಸೇರಿಸಿ ಎನ್ನಿ. ಕುಡಿಯುವ ನೀರಿಗೆ ನಮ್ಮ ಐಎಸ್ 10500 ಮಾನಕದ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ ಅಟ್ರಾಜಿನ್, ಯುರೋಪಿನಲ್ಲಿ 0.1.

ಗೋವಿನಜೋಳ ಒಂದೇ ಇದ್ದರೆ ಧಾರಾಳವಾಗಿ ತನ್ನಿ. ಸಾಲುಗಳ ನಡುವೆ ತೊಗರಿ ಅಕ್ಕಡಿ ಇದ್ದರೆ ಬೇಡವೇ ಬೇಡ, ಅದೂ ಅಗಲ ಎಲೆಯದೇ. ಮರಳು ಮಿಶ್ರಿತ ಕೆಂಪು ನೆಲ, ಪಕ್ಕದಲ್ಲೇ ಬಾವಿ ಎಂದಾದರೆ ಎಡೆಕುಂಟೆ ಹೊಡೆದು ಕಳೆ ತೆಗೆಯುವುದೇ ವಾಸಿ. ಎಲ್ಲಿ ಹೊಡೆದರೂ ಟ್ಯಾಂಕು ತೊಳೆದ ನೀರನ್ನು ಬಾವಿಕಟ್ಟೆಯ ಬಳಿ ಚೆಲ್ಲದೆ, ಹೊಡೆದ ಹೊಲಕ್ಕೇ ಚಿಮುಕಿಸಿ.